ನಿಜವಾಗ್ಲೂ ಹಿಡಿದ ಮೀನು

ಮೀನು ಸಿಕ್ಕಿಬಿಟ್ಟಿತ್ತು, ತೊಂದರೆ ಶುರುವಾದದ್ದೇ ಅಲ್ಲಿಂದ. ಕೆರೆಯ ದಂಡೆಯಲ್ಲಿ ಒಂದು ಕಾಲು ಕೆಸರಿನಲ್ಲಿ ಹೂತು, ಇನ್ನೊಂದು ಕಾಲಿನ ಚಪ್ಪಲಿ ಯಾವಾಗ ಕಳಚಿತೆಂದು ತಿಳಿಯದೆ, ಮೊಣಕೈಯುದ್ದದ ಗೆಂಡೆ ಮೀನೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಮೊದಲು ಮಾಡಿದ ಕೆಲಸವೆಂದರೆ ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿ ಹುಡುಕಿದ್ದು. ಯಾರೂ ಇರಲಿಲ್ಲ. ಯಾರೂ ಇರಬಾರದೆಂದೇ ಎಷ್ಟೋ ವರ್ಷದ ಹಿಂದೆ ಅವನು ಹುಡುಕಿಕೊಂಡ ಜಾಗ ಅದು. ರಸ್ತೆಯಿಂದ ದೂರ, ಎದುರಿಗೆ ಜೊಂಡು, ಹಿಂದೆ ಪೊದೆ. ಭಾನುವಾರ ಬೆಳಿಗ್ಗೆ ಸುಮ್ಮನೆ ಗಾಳ ಇಳಿಬಿಟ್ಟು ಕೂತು, ಬಿಸಿಲೇರಿದ ಮೇಲೆ ಎದ್ದು, ದಾರಿಯಲ್ಲಿ ಮೀನಿನಂಗಡಿಯ ಅಕ್ಕನ ಹತ್ತಿರ ಒಂದು ಮೀನು ಕೊಂಡು, ಮನೆಗೆ ಹೋಗಿ ‘ಹಿಡಿದೆ’ ಎನ್ನುವವನಿಗೆ ಹೇಳಿ ಮಾಡಿಸಿದಂಥ ಜಾಗ. ಇವತ್ತು, ಒಬ್ಬನಾದರೂ ಸಾಕ್ಷಿ ಬೇಕಾದ ಇವತ್ತು, ಅಲ್ಲಿ ಒಂದು ಎಮ್ಮೆ ಕೂಡ ಮೇಯುತ್ತಿರಲಿಲ್ಲ.

ಹಿಡಿದ ರೀತಿಯಾದರೂ ಹೇಳಿಕೊಳ್ಳುವಂತಿದ್ದರೆ! ಗಾಳದ ಕೋಲನ್ನು ಕಲ್ಲಿಗೆ ಸಿಕ್ಕಿಸಿ ಪೊದೆಯ ಹಿಂದೆ ಉಚ್ಚೆಗೆ ಹೋಗಿದ್ದ. ಪ್ಯಾಂಟಿನ ಜಿಪ್ಪು ಏರಿಸುತ್ತ ಬಂದರೆ ಕೋಲು ತನ್ನಷ್ಟಕ್ಕೆ ತಾನೇ ನೀರಿಗೆ ನಡೆದು ಹೋಗುತ್ತಿತ್ತು. ಅವನು ಓಡಿದ, ಜಾರಿದ, ಬಿದ್ದ, ಬಿದ್ದಲ್ಲಿಂದಲೇ ಕೋಲಿನ ಬುಡ ಹಿಡಿದು ಎಳೆದ. ಮೀನು ಬಂತು. ಮನೆಯಲ್ಲಿ ಅವನು ಹಿಡಿಯುತ್ತಿದ್ದ ಮೀನುಗಳ ಗತ್ತೇ ಬೇರೆ. ಅವು ದಾರ ಹರಿಯಲು ನೋಡುತ್ತಿದ್ದವು, ಆಳಕ್ಕೆ ಇಳಿದು ಸತಾಯಿಸುತ್ತಿದ್ದವು, ಅವನು ಸೊಂಟದವರೆಗೆ ನೀರಿಗಿಳಿದು ಉಪಾಯವಾಗಿ ದಂಡೆಗೆ ತರುತ್ತಿದ್ದ. ಹೆಂಡತಿಯ ತಮ್ಮ, ಫ್ರಿಜ್ಜು ರಿಪೇರಿಯವನು, ಪ್ರತಿ ಭಾನುವಾರ ಊಟಕ್ಕೆ ಬಂದು ಆ ಕಥೆಗಳನ್ನು ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೆ “ಭಾವನ ರೀಲು ಬಲೇ ಗಟ್ಟಿ” ಎನ್ನುತ್ತಿದ್ದ. ಗಾಳದ ರೀಲಿಗೆ ಹೇಳಿದನೋ ಬಾಯಿಯ ರೀಲಿಗೆ ಹೇಳಿದನೋ ಎಂದು ಇನ್ಸ್‌ಪೆಕ್ಟರ್ ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಧೈರ್ಯವಿದ್ದರೆ ತಾನೆ.

ಫೋಟೊ ತೆಗೆಯಬಹುದಲ್ಲ ಎಂದು ಒಂದು ಕ್ಷಣ ಹೊಳೆಯಿತು, ಕೈ ಜೇಬಿಗೂ ಹೋಯಿತು. ಆದರೆ ಅಂಗಡಿಯ ಮೀನನ್ನು ಮತ್ತೆ ಕೆರೆಗೆ ಹೊತ್ತು ತಂದು, ಮೊಬೈಲನ್ನು ಕೊಂಬೆಗೆ ಒರಗಿಸಿ ತೆಗೆದುಕೊಂಡ ಫೋಟೊ ಒಂದು ಕಟ್ಟು ಹಾಕಿಸಿಕೊಂಡು ನಡುಮನೆಯ ಗೋಡೆಯ ಮೇಲೆ ಆಗಲೇ ಇತ್ತು. ಅದರಲ್ಲಿ ಅವನು ನಗುತ್ತಿದ್ದ ಹಾಗೆ ಈಗ ನಗಲು ಬರುವಂತೆಯೂ ಇರಲಿಲ್ಲ. ಇನ್ನು ಬಾಯಿಮಾತು. ‘ಇವತ್ತು ಮೀನು ಹಿಡಿದೆ’ ಎಂದರೆ ಅದು ವಾರವಾರವೂ ಹೇಳುವ ಮಾತು. ‘ನಾನೇ ಹಿಡಿದೆ’ ಎಂದೂ ಹೇಳಿಯಾಗಿದೆ. ಉಳಿದದ್ದು ಒಂದೇ, ‘ನಿಜವಾಗ್ಲೂ ಹಿಡಿದೆ.’ ಅವನು ಆ ಪದವನ್ನು ಬಾಯಲ್ಲಿ ಆಡಿಸಿ ನೋಡಿದ, ಬೆನ್ನಲ್ಲಿ ಸಣ್ಣಗೆ ಬೆವರಿತು. ತಕ್ಕಡಿಗೆ ಮುದ್ರೆ ಹಾಕಲು ಹೋದಾಗ ಯಾವ ಅಂಗಡಿಯವನಾದರೂ ಒಂದು ತೂಕದ ಬಟ್ಟನ್ನು ಮುಂದೆ ತಳ್ಳಿ ‘ಇದು ನಿಜವಾಗ್ಲೂ ಸರಿಯಿದೆ ಸಾರ್’ ಎಂದರೆ, ಅವನು ಅದನ್ನು ಬಿಟ್ಟು ಉಳಿದ ಬಟ್ಟುಗಳನ್ನೆಲ್ಲ ತೂಗಿಸುತ್ತಿದ್ದ. ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದರು. ಒಂದು ‘ನಿಜವಾಗ್ಲೂ’ ಬಾಯಿಂದ ಜಾರಿದರೆ ಇಷ್ಟು ವರ್ಷದ ಭಾನುವಾರಗಳ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ.

ಆದರೂ ಅವಳಿಗೆ ಗೊತ್ತಾಗಬೇಕು. ಬಾಮೈದನಿಗೆ ಬೇಡ, ಅತ್ತೆಗೂ ಬೇಡ, ಹೆಂಡತಿಗೆ. ಯಾಕೆ ಎಂದು ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ. ಮೀನು ಕೈಯಲ್ಲಿ ಕೊಸರಾಡುತ್ತಿತ್ತು, ಶಾಲೆಯಲ್ಲಿ ಓಟದಲ್ಲಿ ಗೆದ್ದ ಹುಡುಗನ ಹಾಗೆ ಅವನಿಗೆ ಮನೆಗೆ ಓಡಬೇಕೆನಿಸಿತ್ತು.

ಓಡುವ ಮುಂಚೆ ಮಾಡಬೇಕಾದದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಸಲ ಊಟದ ಮುಂದೆ ಪಾಠ ಹೇಳಿಲ್ಲ! “ನೋಡಿ ಅತ್ತೆ, ಹಿಡಿಯೋದು ದೊಡ್ಡದಲ್ಲ, ಹಿಡಿದ ಮೇಲೆ ಕೆಡದ ಹಾಗೆ ಇಟ್ಕೊಳ್ಳೋದು ದೊಡ್ಡದು. ಸಿಕ್ಕಿದ ಕೂಡಲೇ ತಲೆಗೆ ಒಂದು ಕೊಡಬೇಕು. ಒದ್ದಾಡೋಕೆ ಬಿಟ್ಟರೆ ಮಾಂಸ ಮೆತ್ತಗಾಯ್ತು ಅಂತಲೇ ಲೆಕ್ಕ. ಆಮೇಲೆ ಕಿವಿರು ಕತ್ತರಿಸಿ ರಕ್ತ ಇಳಿಸಬೇಕು, ಹೊಟ್ಟೆ ಬಗೆದು ಕರುಳು ತೆಗೀಬೇಕು, ಕೊಳೆಯೋಕೆ ಶುರುವಾಗೋದೇ ಅಲ್ಲಿಂದ. ಒದ್ದೆ ಗೋಣಿ, ನೆರಳು, ಐಸು. ನೀರಲ್ಲಿ ಮಾತ್ರ ನೆನೆಸಿಡಬಾರದು.” ಎಲ್ಲವೂ ಅಕ್ಕನ ಅಂಗಡಿಯ ಮುಂದೆ ಚಿಲ್ಲರೆಗೆ ಕಾಯುತ್ತ ಕಿವಿಗೆ ಬಿದ್ದ ಮಾತು. ಅತ್ತೆ ತಲೆದೂಗುತ್ತಿದ್ದರು. ಇಂಥ ಅಳಿಯ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂಬ ಮುಖ.

ಅವನು ಮೀನನ್ನು ಹುಲ್ಲಿನ ಮೇಲೆ ಒತ್ತಿ ಹಿಡಿದು ಒಂದು ಕಲ್ಲು ಎತ್ತಿಕೊಂಡ. ಮೀನು ಅವನನ್ನೇ ನೋಡಿತು. ಅಂಗಡಿಯ ಮೀನುಗಳಿಗೂ ಕಣ್ಣಿರುತ್ತಿದ್ದವು, ಆದರೆ ಅವು ನೋಡುತ್ತಿರಲಿಲ್ಲ. ಇದರ ಬಾಯಿ ಏನೋ ಹೇಳಲು ಹೊರಟು ಪದ ಸಿಗದವರಂತೆ ತೆರೆದು ಮುಚ್ಚಿ ಮಾಡುತ್ತಿತ್ತು. ಕಲ್ಲು ಹಿಡಿದ ಕೈ ಮೇಲೆ ನಿಂತೇ ಇತ್ತು, ಆಮೇಲೆ ಅದಕ್ಕೆ ನೋವು ಬಂತು, ಆಮೇಲೆ ಕಲ್ಲನ್ನು ಪಕ್ಕಕ್ಕೆ ಇಟ್ಟ. ಮೀನಮೇಷ ಎಣಿಸುವುದು ಎಂದರೆ ಇದೇ ಇರಬೇಕು. ಹಾಗೆ ಇಟ್ಟ ಘಳಿಗೆಯಲ್ಲೇ ಅವನಿಗೊಂದು ಸೊಗಸಾದ ಕಾರಣವೂ ಹೊಳೆಯಿತು: ಜೀವಂತ! ಜೀವಂತ ಒಯ್ದರೆ ಬಾಯೇ ಬಿಡಬೇಕಿಲ್ಲ. ಅಕ್ಕನ ಅಂಗಡಿಯಲ್ಲಿ ಯಾವ ಮೀನೂ ಬಾಲ ಬಡಿಯುವುದಿಲ್ಲ. ಹೆಂಡತಿ ಬಕೆಟ್ಟಿನಲ್ಲಿ ಇಣುಕುತ್ತಾಳೆ, ಮೀನು ಅವಳ ಮುಖಕ್ಕೆ ನೀರು ಚಿಮ್ಮಿಸುತ್ತದೆ, ಮುಗಿಯಿತು. ಹೆದರಿಕೆಗೆ ಇಷ್ಟು ಒಳ್ಳೆಯ ಕಾರಣ ಸಿಕ್ಕಿದ ಮೇಲೆ ಅದು ಹೆದರಿಕೆಯಾಗಿ ಉಳಿಯಲಿಲ್ಲ. ಇಷ್ಟು ವರ್ಷ ಬೋರಲು ಹಾಕಿ ಕೂರುವುದಕ್ಕೆಂದೇ ತರುತ್ತಿದ್ದ ಬಕೆಟ್ಟನ್ನು ಮೊದಲ ಬಾರಿ ನೆಟ್ಟಗೆ ನಿಲ್ಲಿಸಿ, ಕೆರೆಯ ನೀರು ತುಂಬಿ, ಮೀನನ್ನು ಅದರೊಳಗೆ ಇಳಿಸಿದ. ಮೀನು ಉದ್ದ, ಬಕೆಟ್ಟು ಗಿಡ್ಡ. ಅದು ಬಿಲ್ಲಿನಂತೆ ಬಾಗಿ, ಬಾಲವನ್ನು ಹೊರಗೇ ಇಟ್ಟುಕೊಂಡು ನಿಂತಿತು. ಇನ್ನೊಂದು ಚಪ್ಪಲಿ ಹುಡುಕಲು ಅವನು ನಿಲ್ಲಲಿಲ್ಲ.

ಸ್ಕೂಟರಿನಲ್ಲಿ ಬಕೆಟ್ಟನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು, ಗುಂಡಿ ಬಂದಲ್ಲೆಲ್ಲ ಪ್ಯಾಂಟಿನ ಮೇಲೆ ನೀರು ಹಾರಿಸಿಕೊಳ್ಳುತ್ತ ಹೊರಟ. ನೋಡಿದವರಿಗೆ ಏನು ಅನಿಸುತ್ತದೋ ಎಂಬ ಯೋಚನೆ ಬಂದು, ಅನಿಸಲಿ ಎಂಬ ಯೋಚನೆ ಅದರ ಬೆನ್ನಿಗೇ ಬಂದು, ಅವನಿಗೆ ನಗು ಬಂತು. ಮದುವೆಯಾದ ಹೊಸತರಲ್ಲಿ ಅವಳು ಹೊಲಿಗೆ ಯಂತ್ರದ ಹಿಂದಿನಿಂದ ತಲೆಯೆತ್ತಿ “ಏನಾದ್ರೂ ಸಿಕ್ತಾ?” ಎಂದು ಕೇಳಿದ್ದಳು, ಅವತ್ತು ಖಾಲಿ ಕೈ. “ಸಿಗ್ಲಿಲ್ಲ” ಎಂದ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ಅದೇ ತಪ್ಪಾದದ್ದು. “ಹೋಗ್ಲಿ ಬಿಡಿ, ನಿಮಗೆ ಸಿಗಲ್ಲ” ಎಂದಳು, ಮಳೆ ಬರಲ್ಲ ಎನ್ನುವಷ್ಟು ಸಲೀಸಾಗಿ, ಬಾಯಲ್ಲಿ ದಾರ ಕಚ್ಚಿಕೊಂಡೇ. ಪ್ರೀತಿಯಿಂದಲೇ ಅಂದದ್ದು. ಅದರ ಮುಂದಿನ ವಾರವೇ ಅವನು ಅಕ್ಕನ ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿದ. ಬಕೆಟ್ಟಿನಲ್ಲಿ ಮೀನು ಈಗ ಬಾಲ ಬಡಿಯುವುದನ್ನು ಕಡಿಮೆ ಮಾಡಿತ್ತು. ನೀರಿಗೆ ಕೈ ಅದ್ದಿ ನೋಡಿದ. ಬೆಚ್ಚಗೆ, ಕೈತೊಳೆಯಲು ಹಿತವಾಗಿ ಇತ್ತು. ಮೀನಿನ ಬಾಯಿ ಮೇಲಕ್ಕೆ ಬಂದು ಗಾಳಿ ಕಚ್ಚುತ್ತಿತ್ತು.

ಗಾಳಿ! ಎದುರಿಗೇ ಪೆಟ್ರೋಲ್ ಬಂಕು. ಅಲ್ಲಿ ಗಾಳಿ ಹಾಕುವವನು ಇವನ ಮುಖ ಕಂಡ ತಕ್ಷಣ ಬೀಡಿ ಬಿಸಾಕಿ ಎದ್ದು ನಿಂತ. ಪಂಪಿನ ಅಳತೆ ನೋಡಲು ಬರುವ ಸಾಹೇಬ, ಅದೂ ಭಾನುವಾರ, ಅದೂ ಒಂದೇ ಚಪ್ಪಲಿಯಲ್ಲಿ.

“ಎರಡೂ ಟೈರಿಗಾ ಸಾರ್?”

“ಟೈರಿಗಲ್ಲಪ್ಪ, ಬಕೆಟ್ಟಿಗೆ.”

“ಬಕೆಟ್ಟಿಗೆ…” ಅವನು ಬಕೆಟ್ಟನ್ನು ನೋಡಿದ, ಮೀನನ್ನು ನೋಡಿದ, ಸಾಹೇಬನನ್ನು ನೋಡಿದ. “ಹೊಸ ಟೆಸ್ಟಾ ಸಾರ್? ನಮ್ಮ ಓನರಿಗೆ ಫೋನ್ ಮಾಡ್ಲಾ?”

“ಬೇಡ. ಮೆಲ್ಲಗೆ ಬಿಡು, ಸಾಕು.”

ಮೆಲ್ಲಗೆ ಬಿಡುವ ಗಾಳಿ ಆ ಯಂತ್ರದಲ್ಲಿ ಇರಲಿಲ್ಲ. ಕೊಳವೆ ಒಂದು ಸಲ ಬುಸ್ಸೆಂದದ್ದೇ ತಡ, ಬಕೆಟ್ಟಿನ ನೀರು ಎದ್ದು ಇನ್ಸ್‌ಪೆಕ್ಟರನ ಮುಖ, ಎದೆ, ಹೊಟ್ಟೆಗೆಲ್ಲ ಹರಿಯಿತು, ಮೀನು ಬಂಕಿನ ಸಿಮೆಂಟಿನ ಮೇಲೆ ಬಿದ್ದು ಪಟಪಟನೆ ಹೊಡೆದುಕೊಳ್ಳತೊಡಗಿತು. ಇಬ್ಬರೂ ಅದರ ಹಿಂದೆ ಬಗ್ಗಿ ಬಗ್ಗಿ ಓಡಿದರು. ಪೆಟ್ರೋಲು ಹಾಕಿಸಿಕೊಳ್ಳಲು ನಿಂತವರು ಗಾಡಿ ಆಫ್ ಮಾಡಿ ನೋಡಿದರು. ಅಷ್ಟು ಜನ ಸಾಕ್ಷಿಗಳು! ಆದರೆ ಅವರೆಲ್ಲ ನೋಡಿದ್ದು ಅವನು ಪೆಟ್ರೋಲ್ ಬಂಕಿನಲ್ಲಿ ಮೀನು ಹಿಡಿದದ್ದನ್ನು. ಕಡೆಗೆ ಗಾಳಿಯವನೇ ಅದನ್ನು ಅವುಚಿ ಹಿಡಿದು ಬಕೆಟ್ಟಿಗೆ ಹಾಕಿ, ಅಲ್ಲಿದ್ದ ನಲ್ಲಿಯಿಂದ ನೀರು ತುಂಬಿಸಿದ. ಮೇಲಿನ ಕಪ್ಪು ಟ್ಯಾಂಕಿನ ನೀರು, ಬಿಸಿಲಿಗೆ ಕಾದದ್ದು. ಇನ್ಸ್‌ಪೆಕ್ಟರ್ ಥ್ಯಾಂಕ್ಸ್ ಹೇಳಿದ. ಹಿಂದೆ ಯಾರೋ ಕಿಸಕ್ಕೆಂದದ್ದು ಕೇಳಿಸಿತು. ಹೆಸರಿಗೊಂದು ಇಲಾಖೆ, ಜೇಬಿನಲ್ಲೊಂದು ಐಡಿ ಕಾರ್ಡು, ಆದರೂ ಬೆಪ್ಪುತಕ್ಕಡಿ ಎಂದು ಬಾಮೈದ ಅಡುಗೆಮನೆಯಲ್ಲಿ ತನ್ನ ಅಕ್ಕನ ಮುಂದೆ ಒಮ್ಮೆ ಅಂದದ್ದನ್ನು ಅವನು ಕೇಳಿಸಿಕೊಂಡಿದ್ದ. ತಕ್ಕಡಿಗೆ ಮುದ್ರೆ ಹಾಕುವವನಿಗೆ ಅದಕ್ಕಿಂತ ಒಪ್ಪುವ ಬೈಗುಳ ಇನ್ನೊಂದಿಲ್ಲ ಎಂದು ಅವತ್ತು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ ಕೂಡ. ಅವಳು ಮಾತ್ರ ನಕ್ಕಿರಲಿಲ್ಲ, ಅಥವಾ ಸದ್ದಾಗದ ಹಾಗೆ ನಕ್ಕಿದ್ದಳು.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಬಗ್ಗಿ ನೋಡಿದ. ಮೀನು ಮಗ್ಗುಲಾಗಿತ್ತು. “ಏಯ್” ಎಂದ. ಬೆರಳಿಂದ ಮೆಲ್ಲಗೆ ತಳ್ಳಿದ, ತಳ್ಳಿದಲ್ಲಿಗೆ ಹೋಯಿತು, ಬಿಟ್ಟರೆ ವಾಪಸು ಬಂತು. ಅವನಿಗೆ ನಿಜಕ್ಕೂ ಅಳು ಬಂದಂತಾಯಿತು, ಇಷ್ಟು ದೊಡ್ಡ ಗಂಡಸು, ನಡುರಸ್ತೆಯಲ್ಲಿ, ಬಕೆಟ್ಟಿನ ಮುಂದೆ. ಹಸಿರು ದೀಪ ಬಿದ್ದು ಹಿಂದಿನವರು ಹಾರ್ನ್ ಹೊಡೆದು ಹೊಡೆದು ಬೈದು ಮುಂದೆ ಹೋದರು. ಕಲ್ಲಿನಿಂದ ಒಂದೇ ಏಟಿಗೆ ಆಗಬಹುದಾಗಿದ್ದ ಸಾವನ್ನು ಅವನು ಊರೆಲ್ಲ ಸುತ್ತಿಸಿ, ಬಿಸಿನೀರು ಕುಡಿಸಿ, ಸಿಮೆಂಟಿನ ಮೇಲೆ ಬಡಿಸಿ ಕೊಟ್ಟಿದ್ದ. ದಯೆಯ ಹೆಸರಿನಲ್ಲಿ. ಆ ಯೋಚನೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗದೆ ಐಸಿನ ಯೋಚನೆ ಮಾಡಿದ. ಸತ್ತರೂ ತಾಜಾ ಇದ್ದರೆ ಆದೀತು. ಕಣ್ಣು ಹೊಳೆಯುತ್ತಿದ್ದರೆ, ಕಿವಿರು ಕೆಂಪಗಿದ್ದರೆ ಅವಳಿಗೆ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ? ಐಸು ಸಿಗುವುದು ಒಂದೇ ಕಡೆ.

ಮೀನಿನಂಗಡಿಯ ಅಕ್ಕ ಸ್ಕೂಟರಿನ ಸದ್ದಿಗೇ ಕಟ್ಟೆಯ ಕೆಳಗಿನಿಂದ ಒಂದು ಪೊಟ್ಟಣ ಎತ್ತಿ ಮೇಲಿಟ್ಟಳು.

“ಬನ್ನಿ ಸಾಹೇಬ್ರೆ, ಇವತ್ತು ಲೇಟಾಯ್ತು. ನಿಮ್ದು ಎತ್ತಿಟ್ಟಿದೀನಿ ನೋಡಿ, ಬೆಳಿಗ್ಗೆ ಬಂದಿದ್ದು. ಹೊಟ್ಟೆ ಕ್ಲೀನ್ ಮಾಡಿ ಐಸಲ್ಲಿಟ್ಟಿದೀನಿ.”

“ಬೇಡ ಅಕ್ಕ. ಇವತ್ತು ಐಸ್ ಮಾತ್ರ ಕೊಡಿ.”

“ಬರೀ ಐಸಾ? ಐಸ್ ಹಿಡಿದೆ ಅಂತೀರಾ ಮನೇಲಿ?”

ಅವನು ಬಕೆಟ್ಟನ್ನು ಎತ್ತಿ ತೋರಿಸಿದ. ಅಕ್ಕನ ಮುಖದ ನಗು ಇಳಿದುಹೋಯಿತು. ಗಂಡ ಬೇರೆ ಮನೆಯಲ್ಲಿ ಉಂಡು ಬಂದದ್ದು ಗೊತ್ತಾದವಳ ಹಾಗೆ ಮೀನನ್ನೂ ಅವನನ್ನೂ ನೋಡಿ, “ಯಾರ ಹತ್ರ ತಗೊಂಡ್ರಿ? ಬಸ್‌ಸ್ಟ್ಯಾಂಡ್ ಹತ್ರ ಕೂರ್ತಾನಲ್ಲ, ಆ ಮೀಸೆಯವನ ಹತ್ರಾನಾ?” ಎಂದಳು.

“ಯಾರ ಹತ್ರಾನೂ ಇಲ್ಲ. ಹಿಡಿದೆ.”

“ಏನು?”

“ಕೆರೇಲಿ. ಗಾಳ ಹಾಕಿ.”

ಅಕ್ಕ ಮೊದಲು ಕತ್ತಿ ಕೆಳಗಿಟ್ಟಳು, ಆಮೇಲೆ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಮೀನಿನ ಕೈಯಲ್ಲಿ ಒರೆಸಿಕೊಳ್ಳಲಾರದೆ ಹೆಗಲಿಗೆ ಒರೆಸಿಕೊಂಡಳು. “ಅಯ್ಯೋ ಸಾಹೇಬ್ರೆ, ನನ್ನ ಹತ್ರಾನೂ ರೀಲಾ! ಮನೇಲಿ ಹೇಳಿ ಹೇಳಿ ಅಭ್ಯಾಸ ಆಗ್ಬಿಟ್ಟಿದೆ ನಿಮಗೆ.” ಅವನೂ ನಕ್ಕ, ನಗದೆ ಇದ್ದರೆ ಇನ್ನೂ ಕೆಟ್ಟದಾಗಿರುತ್ತಿತ್ತು. ಜಗತ್ತಿನಲ್ಲಿ ಅವನ ಸುಳ್ಳು ಗೊತ್ತಿದ್ದವಳು ಅವಳೊಬ್ಬಳೇ, ನಿಜ ಹೇಳಲು ತಕ್ಕ ಜಾಗವೂ ಅದೊಂದೇ ಎಂದುಕೊಂಡಿದ್ದ. ಅವಳು ಮೀನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. “ಆಗಲೇ ಮೆತ್ತಗಾಗ್ತಿದೆ. ಕೊಡಿ ಇಲ್ಲಿ, ಹೊಟ್ಟೆ ಬಗೆದು ಕೊಡ್ತೀನಿ.”

“ಬೇಡ, ಬೇಡ. ಇಡಿಯಾಗಿ ಇರ್ಲಿ.” ಇಡೀ ಮೀನು ನೋಡಿದರೆ ಹಿಡಿದದ್ದರಂತೆ ಕಾಣುತ್ತದೆ, ಬಗೆದದ್ದು ಅಂಗಡಿಯದರಂತೆ. ಇಷ್ಟು ಹೊತ್ತು ಒಯ್ದದ್ದು ಅದಕ್ಕಾಗಿಯೇ.

“ನಿಮ್ಮಿಷ್ಟ.” ಅವಳು ಬಕೆಟ್ಟಿನ ನೀರಿಗೇ ಎರಡು ಬೊಗಸೆ ಐಸು ಸುರಿದಳು. ಪೊಟ್ಟಣವನ್ನು ನೋಡಿ ನಿಟ್ಟುಸಿರು ಬಿಟ್ಟಳು. “ಇದನ್ನೇನು ಮಾಡ್ಲಿ ಈಗ? ಅಮ್ಮಾವ್ರು ಒಳ್ಳೇದೇ ಇಡು ಅಂತ ಹೇಳಿ…” ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು.

“ಯಾವ ಅಮ್ಮಾವ್ರು?”

“ಯಾರೂ ಇಲ್ಲ ಸಾಹೇಬ್ರೆ, ಬಾಯಿ ತಪ್ತು. ಐಸ್ ಕರಗತ್ತೆ, ಹೊರಡಿ, ಹೊರಡಿ.”

ಅಮ್ಮಾವ್ರು. ಮನೆಯವರೆಗಿನ ದಾರಿಯುದ್ದಕ್ಕೂ ಆ ಪದ ಬಕೆಟ್ಟಿನ ಐಸಿನ ಜೊತೆ ಕಟಕಟ ಎನ್ನುತ್ತಿತ್ತು. ಅತ್ತೆ ಇರಬಹುದು. ಅತ್ತೆಯೇ ಇರಲಿ ಎಂದು ಆಸೆಪಟ್ಟ. ಅಕ್ಕ ಪ್ರತಿ ಭಾನುವಾರ ಅವನಿಗೆಂದು ಎತ್ತಿಡುತ್ತಿದ್ದದ್ದು, ಅವನು ಆರಿಸಲು ಹೋದರೆ ಕೈ ತಟ್ಟಿ ‘ಅದು ಬೇಡ, ಇದು ತಗೊಳ್ಳಿ’ ಎನ್ನುತ್ತಿದ್ದದ್ದು, ಇನ್ಸ್‌ಪೆಕ್ಟರನ ಮೇಲಿನ ಭಯಭಕ್ತಿ ಎಂದು ಅವನು ತಿಳಿದಿದ್ದ, ಸ್ವಲ್ಪ ಬೀಗಿದ್ದ ಕೂಡ. ಯಾರೋ ಹಿಂದಿನ ದಿನವೇ ಹೋಗಿ ಇಂಥದ್ದೇ ಕೊಡು ಎಂದು ಹೇಳಿ ಬರುತ್ತಿದ್ದರು. ಅವನು ಗಾಳ ಹಿಡಿದು ಹೊರಡುವಾಗ ‘ಹುಷಾರು’ ಎನ್ನುತ್ತಿದ್ದರು. ಅವನ ಮುಖ ಕಿವಿಯವರೆಗೆ ಬಿಸಿಯಾಯಿತು. ಎಷ್ಟು ಸಲ! ಸೊಂಟದವರೆಗಿನ ನೀರು, ದಾರ ಹರಿಯುವ ಮೀನು, ಅದಕ್ಕೆಲ್ಲ ‘ಆಮೇಲೆ?’ ಎಂದು ಕೇಳಿದ ಆ ಕಣ್ಣುಗಳು!

ಮನೆಯಲ್ಲಿ ಬಾಮೈದ ಇನ್ನೂ ಬಂದಿರಲಿಲ್ಲ. ಅತ್ತೆ ಸ್ನಾನಕ್ಕೆ ಹೋಗಿದ್ದರು. ಹೆಂಡತಿ ಬಕೆಟ್ಟಿಗೆ ಇಣುಕಿ “ಸಿಕ್ತಾ?” ಎಂದಳು, ಯಾವಾಗಲೂ ಕೇಳುವ ಹಾಗೇ. “ಸಿಕ್ತು” ಎಂದ, ಯಾವಾಗಲೂ ಹೇಳುವ ಹಾಗೇ. ಅವಳು ಚಾಕು ತರಲು ಹೋದಳು. “ಇರು, ಇರು, ಎಲ್ಲರೂ ಬರ್ಲಿ, ಇಡಿಯಾಗಿ ನೋಡ್ಲಿ” ಎಂದು ಅಡ್ಡ ನಿಂತ. ಅವಳು ಅವನ ಒದ್ದೆ ಅಂಗಿಯನ್ನೂ ಬರಿಗಾಲನ್ನೂ ನೋಡಿದಳು. ಐಸು ಕರಗಿ ನೀರಾಯಿತು, ಮೀನು ಅದರಲ್ಲಿ ನೆನೆಯಿತು. ಅತ್ತೆ ಬಂದು ಕಣ್ಣು ಕಿರಿದು ಮಾಡಿ ನೋಡಿ “ಚೆನ್ನಾಗಿದೆ ಅಳಿಯಂದ್ರೆ” ಎಂದರು. ಬಾಮೈದ ಬಂದದ್ದು ಇನ್ನೂ ಎಷ್ಟೋ ಹೊತ್ತಿನ ಮೇಲೆ, ಯಾರದೋ ಮನೆಯ ಫ್ರಿಜ್ಜಿನ ಗ್ಯಾಸು ತುಂಬಿಸಿ. “ಓಹೋ, ಒಳ್ಳೇ ಮೀನು ಭಾವ” ಎಂದ, ಕೈ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ. ಅಷ್ಟೇ. ಪ್ರತಿ ವಾರ ಸುಳ್ಳಿನ ಮೀನಿಗೆ ಸಿಗುತ್ತಿದ್ದ ಹೊಗಳಿಕೆ ಎಷ್ಟೋ ಅಷ್ಟೇ ನಿಜದ ಮೀನಿಗೂ ಸಿಕ್ಕಿತು, ಒಂದು ಗುಲಗಂಜಿ ತೂಕವೂ ಹೆಚ್ಚಿಲ್ಲ.

ಅವನು ಹೆಂಡತಿಯ ಹಿಂದೆ ಅಡುಗೆಮನೆಗೆ ಹೋದ. ಅವಳು ಹುರುಪೆ ಕೆರೆದು ಹೊಟ್ಟೆ ಬಗೆದಳು. ಮುಖ ಪಕ್ಕಕ್ಕೆ ತಿರುಗಿಸಿದಳು. ಮಾಂಸವನ್ನು ಬೆರಳಿಂದ ಒತ್ತಿದರೆ ಗುಳಿ ಗುಳಿಯಾಗಿಯೇ ಉಳಿಯಿತು.

“ಬೇರೆ ಕಡೆ ಯಾಕೆ ಹೋದ್ರಿ?” ಎಂದಳು, ಮೆಲ್ಲಗೆ, ಹೊರಗೆ ಕೇಳದ ಹಾಗೆ.

ಅಂದರೆ, ಅಮ್ಮಾವ್ರು ಅತ್ತೆಯಲ್ಲ.

“ಅಕ್ಕನಿಗೆ ಹೇಳಿಟ್ಟಿದ್ದೆನಲ್ಲ. ಯಾವನೋ ನಿಮಗೆ ಟೋಪಿ ಹಾಕಿದಾನೆ ಕಣ್ರೀ. ನಿಮಗೆ ಮೀನು ನೋಡೋಕೆ ಬರಲ್ಲ ಅಂತ ಮುಖದಲ್ಲೇ ಬರೆದಿದೆ.”

“ಯಾವತ್ತಿಂದ ಗೊತ್ತಿತ್ತು ನಿಂಗೆ?”

“ಮೊದಲ್ನೇ ದಿನದಿಂದ. ಕೆರೇಲಿ ಹಿಡಿದ ಮೀನಿನ ಹೊಟ್ಟೇಲಿ ಐಸ್ ಇರತ್ತಾ?” ನಗಲಿಲ್ಲ, ಅವನಿಗೆ ನೋವಾದೀತೆಂದು ಹುಷಾರಾಗಿ ಹೇಳಿದಳು, ಅದರಿಂದಲೇ ಹೆಚ್ಚು ನೋವಾಯಿತು. “ಅವತ್ತು ನಿಮ್ಮ ಮುಖ ನೋಡಿ ಹೇಳೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ಒಂದ್ಸಲ ಕೆಟ್ಟದ್ದು ತಂದ್ರಿ. ಅದಕ್ಕೇ ಅಕ್ಕನಿಗೆ ಹೇಳಿದ್ದು.”

ಅವನು ಒಗ್ಗರಣೆ ಡಬ್ಬಿಯನ್ನು ನೋಡುತ್ತ ನಿಂತ. ಕಳ್ಳತನ ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಕೆಳಗೆ ಇನ್ನೊಂದು ಕುದಿಯುತ್ತಿತ್ತು, ಅದನ್ನು ತಡೆಯಲಾಗಲಿಲ್ಲ. “ಆದ್ರೆ ಇವತ್ತು ಹಿಡಿದೆ ಕಣೇ. ಇದನ್ನ ನಿಜವಾಗ್ಲೂ ಹಿಡಿದೆ.”

ಅವಳು ಮೀನಿನ ಕೈಯನ್ನು ದೂರ ಹಿಡಿದುಕೊಂಡು ಮೊಣಕೈಯಿಂದ ಅವನ ತೋಳು ತಟ್ಟಿದಳು. “ಆಯ್ತು ರೀ. ನಂಬಿದೆ.”

ಆ ಧ್ವನಿ ಅವನಿಗೆ ಗೊತ್ತಿತ್ತು. ಸೊಂಟದವರೆಗಿನ ನೀರಿಗೂ ಅವಳು ಹೀಗೇ ಅಂದಿದ್ದಳು, ದಾರ ಹರಿದು ತಪ್ಪಿಸಿಕೊಂಡ ದೊಡ್ಡ ಮೀನಿಗೂ ಹೀಗೇ. ಅಷ್ಟು ವರ್ಷವೂ ಅದನ್ನು ನಂಬಿಕೆಯೆಂದು ಕೂಡಿಟ್ಟುಕೊಂಡಿದ್ದ. ಸುಳ್ಳು, ನಿಜ ಎರಡಕ್ಕೂ ಒಂದೇ ಬಟ್ಟು ಇಟ್ಟು ತೂಗುತ್ತಿದ್ದಾಳೆ, ತಕ್ಕಡಿ ಮುಟ್ಟುಗೋಲು ಹಾಕಿಕೊಳ್ಳಬೇಕಾದ ಕೇಸು, ಆದರೆ ಅಂಥ ತಕ್ಕಡಿಯ ಮುಂದೆ ಯಾವ ಇನ್ಸ್‌ಪೆಕ್ಟರೂ ಬಾಯಿ ಬಿಡಲಾರ. ಅವನು ನಡುಮನೆಗೆ ಬಂದು ಬಾಮೈದನ ಪಕ್ಕದಲ್ಲಿ ಕೂತ. ಅವಳು ಹುರಿಯುವ ಸದ್ದು ಬಂತು, ವಾಸನೆಯೂ ಬಂತು, ಆ ವಾಸನೆಯಲ್ಲಿ ಏನೋ ಒಂದು ಎಳೆ ಹೆಚ್ಚಿತ್ತು.

ಊಟಕ್ಕೆ ಕೂತಾಗ ಬಾಮೈದ “ಹ್ಞೂಂ, ಶುರು ಮಾಡಿ ಭಾವ. ಇವತ್ತು ಹೇಗೆ ಹಿಡಿದ್ರಿ?” ಎಂದ. ಇನ್ಸ್‌ಪೆಕ್ಟರ್ ಹೇಳಿದ. ಉಚ್ಚೆಗೆ ಹೋದದ್ದು, ಕೋಲು ನಡೆದದ್ದು, ಜಾರಿ ಬಿದ್ದದ್ದು. ಅಷ್ಟಕ್ಕೇ ಕಥೆ ಮುಗಿಯಿತು. ಬಾಮೈದ ಕಾದ. “ಅಷ್ಟೇನಾ? ಇದೇನು ಭಾವ, ಸಪ್ಪೆ ಇವತ್ತು. ಹೋದ ವಾರದ್ದು ಎಷ್ಟು ಚೆನ್ನಾಗಿತ್ತು!” ಎನ್ನುತ್ತ ಒಂದು ಚೂರು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಅತ್ತೆಯೂ ನಿಲ್ಲಿಸಿದ್ದರು. ಮೀನು ಬಾಯಲ್ಲಿ ಹಿಟ್ಟಿನಂತೆ ಮೆತ್ತಗೆ ಕರಗುತ್ತಿತ್ತು, ಕೆಸರು ನಾರುತ್ತಿತ್ತು, ಹೊಟ್ಟೆಯ ಕಡೆಯ ಚೂರಿನಲ್ಲಿ ಕಹಿ ಇಳಿದಿತ್ತು. ಯಾರೂ ಉಗಿಯಲಿಲ್ಲ; ಮರ್ಯಾದಸ್ಥರ ಮನೆ. ಎಲ್ಲರೂ ಒಮ್ಮೆಲೇ ನೀರು ಕುಡಿದರು.

“ಭಾವ, ತಪ್ಪು ತಿಳ್ಕೋಬೇಡಿ,” ಬಾಮೈದ ಲೋಟ ಕೆಳಗಿಟ್ಟ, “ನೀವೇ ಪಾಠ ಹೇಳ್ತೀರಲ್ಲ. ನೀರಲ್ಲಿ ನೆನೆಸಿಡಬಾರದು ಅಂತ?”

“ನೆನೆಸಿದ್ದೆ. ಜೀವಂತ ತರೋಣ ಅಂತ.”

“ಕರುಳು ಕೂಡಲೇ ತೆಗೀಬೇಕು ಅಂತ?”

“ಇಡಿಯಾಗಿ ತೋರಿಸಬೇಕಿತ್ತು ನಿಮಗೆ.”

“ಸರಿ, ತಲೆಗೆ ಒಂದು ಕೊಡಬೇಕು ಅಂತ? ಅದು ಒಂದು ನಿಮಿಷದ ಕೆಲಸ, ಅದನ್ನೂ ಯಾಕೆ ಮಾಡ್ಲಿಲ್ಲ?”

ಇನ್ಸ್‌ಪೆಕ್ಟರ್ ತಟ್ಟೆ ನೋಡಿದ. ಉತ್ತರ ಕಟ್ಟಲು ಹೋದ, ಎಷ್ಟು ವರ್ಷದ ಅಭ್ಯಾಸ, ಆದರೂ ಇವತ್ತು ಏನೂ ಒದಗಿ ಬರಲಿಲ್ಲ. “ಕಲ್ಲು ಎತ್ತಿದ್ದೆ,” ಎಂದ. “ಅದು ನನ್ನೇ ನೋಡ್ತಾ ಇತ್ತು.”

ಬಾಮೈದ ಏನೋ ಹೇಳಲು ಬಾಯಿ ತೆರೆದು ಹಾಗೇ ಮುಚ್ಚಿಕೊಂಡ. ಹೆಂಡತಿ ತಲೆಯೆತ್ತಿದಳು. ಅವನ ಮೀನುಗಳೆಲ್ಲ ಇಲ್ಲಿಯವರೆಗೆ ಒಂದೇ ಏಟಿಗೆ, ವೀರಾವೇಶದಿಂದ ಸತ್ತಿದ್ದವು. ಅವಳು ಅವನ ಮುಖವನ್ನೂ ತಟ್ಟೆಯಲ್ಲಿದ್ದ ಮೀನನ್ನೂ ಮತ್ತೆ ಅವನ ಮುಖವನ್ನೂ ನೋಡಿದಳು. ದಾರ ಪೋಣಿಸುವಾಗ ಸೂಜಿಯ ಕಣ್ಣನ್ನು ನೋಡುವಂಥ ನೋಟ.

“ಅಯ್ಯೋ,” ಎಂದಳು ಕೊನೆಗೆ, ಬಹಳ ನಿಧಾನವಾಗಿ. “ಇಷ್ಟು ಕೆಡಿಸಿದ ಮೀನನ್ನ ಯಾವ ಅಂಗಡಿಯವನೂ ಮಾರಲ್ಲ. ಇದು ನಿಮ್ಮದೇ ಕಣ್ರೀ. ನೀವೇ ಹಿಡಿದಿದ್ದು.”

ಈ ಸಲ ಧ್ವನಿ ಬೇರೆ ಇತ್ತು. ಸ್ವಲ್ಪ ಗಾಬರಿಯೂ ಇತ್ತು ಅದರಲ್ಲಿ. ಅವನು ಹೌದೆಂದು ತಲೆ ಆಡಿಸಿದ, ಆಡಿಸುತ್ತಲೇ ಇದ್ದ, ಕಣ್ಣು ಮಂಜಾಗಿ ಅನ್ನ ಕಾಣಿಸದಾಯಿತು.

ಅತ್ತೆ ತಮ್ಮ ಪಾಲಿನ ಚೂರನ್ನು ತಟ್ಟೆಯ ಅಂಚಿಗೆ ಸರಿಸಿ, ಗಂಟಲು ಸರಿ ಮಾಡಿಕೊಂಡು, ಹಿರಿಯರು ಹೇಳುವ ಗಾಂಭೀರ್ಯದಲ್ಲಿ ಹೇಳಿದರು: “ಅಳಿಯಂದ್ರೆ, ಬೇಜಾರು ಮಾಡ್ಕೋಬೇಡಿ. ಮುಂದಿನ ವಾರದಿಂದ ಮಾತ್ರ ನೀವು ಮೊದಲು ಹಿಡೀತಿದ್ರಲ್ಲ, ಅಲ್ಲೇ ಹಿಡೀರಿ.”

ಮತ್ತೆ ಲೋಟ ಎತ್ತಿದ್ದ ಬಾಮೈದನ ಮೂಗಿನಿಂದ ನೀರು ಬಂತು. ಅತ್ತೆ ನಕ್ಕರು, ಇನ್ಸ್‌ಪೆಕ್ಟರೂ ನಕ್ಕ, ಇಷ್ಟು ವರ್ಷ ಎಲ್ಲರೂ ಒಬ್ಬೊಬ್ಬರಾಗಿ ಅಡಗಿಸಿಟ್ಟಿದ್ದ ನಗು ಒಟ್ಟಿಗೇ ಹೊರಬಿದ್ದು ಮನೆ ತುಂಬಿತು. ಹೆಂಡತಿ ಮಾತ್ರ ನಗುವ ಗೋಜಿಗೆ ಹೋಗದೆ ಮೀನಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಮುಳ್ಳು ಬಿಡಿಸಿ, ಮುಖ ಕಿವುಚಿಕೊಂಡು, ಒಂದು ಚೂರೂ ಬಿಡದೆ ತಿಂದಳು.